ಜರ್ನಲ್ ಎಂಬ ದುಬಾರಿ ಓದು, ಬೆಂಗಳೂರು ತೆರೆದ ದಾರಿ

1928ರ ಮಾರ್ಚ್ 16ರಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದವರು ಸೇರಿದ್ದರು. ಕಲ್ಕತ್ತದಿಂದ ಬಂದಿದ್ದ ಸಿ.ವಿ. ರಾಮನ್ ಅಂದು ಹೊಸದೊಂದು ವಿಕಿರಣದ ಬಗ್ಗೆ ಮಾತನಾಡಿದರು. ದ್ರವವೊಂದರೊಳಗೆ ಚದುರಿದ ಬೆಳಕಿನಲ್ಲಿ ಸಣ್ಣದೊಂದು ಪಾಲು ತನ್ನ ಬಣ್ಣವನ್ನೇ ಬದಲಿಸಿಕೊಂಡು ಹೊರಬರುತ್ತದೆ ಎಂಬುದು ಅವರ ಮಾತಿನ ತಿರುಳು. ಎರಡು ವರ್ಷಗಳ ಬಳಿಕ ಇದಕ್ಕೇ ನೊಬೆಲ್ ಬಂತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಭಾಷಣ ಮುಗಿದ ಮೇಲೆ ರಾಮನ್ ಏನು ಮಾಡಿದರು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅದೇ ಭಾಷಣವನ್ನು ಲೇಖನವಾಗಿಸಿ, ಕಲ್ಕತ್ತದಿಂದ ಹೊರಡುತ್ತಿದ್ದ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಮಾರ್ಚ್ 31ರ ತಾರೀಕಿಗೆ ಅಚ್ಚು ಹಾಕಿಸಿದರು. ಲೇಖನದ ಬಿಡಿಪ್ರತಿಗಳನ್ನು ಯುರೋಪ್, ಅಮೆರಿಕಗಳ ಭೌತವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು.

ಹಾಗೆ ಕಳಿಸಬೇಕಾಗಿದ್ದಕ್ಕೆ ಕಾರಣವಿತ್ತು. ಆ ಜರ್ನಲ್ ಶುರುವಾಗಿ ಆಗಿನ್ನೂ ಎರಡೇ ವರ್ಷ. ಹೊರದೇಶದ ಗ್ರಂಥಾಲಯಗಳು ಅದನ್ನು ತರಿಸಿಕೊಂಡು ಓದಲಿ ಎಂದು ಕಾಯುತ್ತ ಕೂರುವಂತಿರಲಿಲ್ಲ. ಲಂಡನ್ನಿನ ‘ನೇಚರ್’ಗೂ ಅವರು ಟಿಪ್ಪಣಿಗಳನ್ನು ಕಳಿಸಿದ್ದರು. ಅತ್ತ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಎಂಬ ಇಬ್ಬರು ಸ್ಫಟಿಕಗಳಲ್ಲಿ ಇದೇ ಪರಿಣಾಮವನ್ನು ಕಾಣುತ್ತಿದ್ದರು. ಸಂಶೋಧನೆ ಅಚ್ಚಾಗುವುದು ಬೇರೆ, ಓದಬೇಕಾದವರ ಕೈಸೇರುವುದು ಬೇರೆ ಎಂಬುದು ರಾಮನ್‌ಗೆ ಚೆನ್ನಾಗಿ ತಿಳಿದಿತ್ತು. ಇವತ್ತು ಡಿಜಿಟಲ್ ಗ್ರಂಥಾಲಯ ಎಂದು ನಾವು ಕರೆಯುವ ವ್ಯವಸ್ಥೆಯ ಚರಿತ್ರೆಯೆಲ್ಲ ಈ ಎರಡರ ನಡುವಿನ ದೂರವನ್ನು ಕಡಿಮೆ ಮಾಡಲು ಹೆಣಗಿದವರ ಚರಿತ್ರೆಯೇ. ಆ ಹೆಣಗಾಟದಲ್ಲಿ ಬೆಂಗಳೂರಿನ ಪಾಲು ದೊಡ್ಡದು, ಮತ್ತು ಈ ಊರಿನಲ್ಲೇ ಅದನ್ನು ನೆನೆಯುವವರು ಕಡಿಮೆ.

ಜರ್ನಲ್ ಎಂಬ ಪದ್ಧತಿ ಹುಟ್ಟಿದ್ದು 1665ರಲ್ಲಿ. ಆ ವರ್ಷದ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಒಂದು, ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಕೈಯಲ್ಲಿ ಇನ್ನೊಂದು ಹೊರಟವು. ಅಲ್ಲಿಯವರೆಗೆ ವಿದ್ವಾಂಸರು ಒಬ್ಬರಿಗೊಬ್ಬರು ಕಾಗದ ಬರೆದುಕೊಳ್ಳುತ್ತಿದ್ದರು. ಒಂದೇ ಕಾಗದವನ್ನು ನೂರಾರು ಜನರಿಗೆ ಅಚ್ಚು ಹಾಕಿ ಹಂಚಿದರೆ ಹೇಗೆ ಎಂಬ ಯೋಚನೆಯೇ ಜರ್ನಲ್ ಆಯಿತು.

ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೇ ಬಂದು ನೆಲೆಸಿದರು. ಅದಕ್ಕೆ ಒಂದು ವರ್ಷ ಮೊದಲು, 1932ರಲ್ಲಿ, ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಅವರ ಸಂಪಾದಕತ್ವದಲ್ಲಿ ‘ಕರೆಂಟ್ ಸೈನ್ಸ್’ ಶುರುವಾಗಿತ್ತು. 1934ರಲ್ಲಿ ರಾಮನ್ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು. ಕಟ್ಟಿದ ಕೂಡಲೇ ಅದರ ‘ಪ್ರೊಸೀಡಿಂಗ್ಸ್’ ತಿಂಗಳಿಗೊಂದರಂತೆ ಹೊರಬರತೊಡಗಿತು. ಅಚ್ಚಾಗುತ್ತಿದ್ದುದು ಬೆಂಗಳೂರು ಪ್ರೆಸ್‌ನಲ್ಲಿ. ಕ್ಯಾಲೆಂಡರ್‌ನಿಂದಾಗಿ ಮನೆಮನೆಗೂ ಪರಿಚಯವಿರುವ ಅದೇ ಪ್ರೆಸ್. ನಮ್ಮವರ ಒಳ್ಳೆಯ ಕೆಲಸವೆಲ್ಲ ಹೊರದೇಶದ ಪತ್ರಿಕೆಗಳ ಪಾಲಾಗಬಾರದು, ಇಲ್ಲಿ ಅಚ್ಚಾಗಿ ಲೋಕಕ್ಕೆಲ್ಲ ಹೋಗಬೇಕು ಎಂಬುದು ರಾಮನ್ ಹಟ. ಆ ಹಟದ ಫಲವನ್ನು ಎಪ್ಪತ್ತು ವರ್ಷಗಳ ಬಳಿಕವೂ ಜನ ಉಣ್ಣುತ್ತಾರೆ ಎಂದು ಅವರು ಎಣಿಸಿರಲಾರರು.

ಬರೆಯುವವರ ಕಡೆಯಿಂದ ನೋಡಿದರೆ ಕಥೆ ಹೀಗೆ. ಓದುವವರ ಪಾಡು ಬೇರೆಯೇ ಇತ್ತು.

ವಿಜ್ಞಾನ ಸಂಸ್ಥೆಯ ಗ್ರಂಥಾಲಯ 1911ರದು, ಸಂಸ್ಥೆಯ ಮೊದಮೊದಲ ವಿಭಾಗಗಳಲ್ಲೊಂದು. ದಪ್ಪ ರಟ್ಟಿನಲ್ಲಿ ಬೈಂಡ್ ಮಾಡಿದ ಜರ್ನಲ್ ಸಂಪುಟಗಳು ಅಲ್ಲಿ ಸಾಲುಸಾಲಾಗಿ ನಿಂತಿದ್ದವು. ಹೊರ ಊರಿನ ಕಾಲೇಜಿನ ಅಧ್ಯಾಪಕ ಒಂದು ಹಳೆಯ ಲೇಖನ ನೋಡಬೇಕೆಂದರೆ ರಜೆ ಹಾಕಿ, ರೈಲು ಹತ್ತಿ, ಪರಿಚಯದ ಪತ್ರ ಹಿಡಿದು ಅಂಥ ದೊಡ್ಡ ಗ್ರಂಥಾಲಯಕ್ಕೆ ಬರಬೇಕಿತ್ತು. ಝೆರಾಕ್ಸ್ ಬರುವ ಮುಂಚೆ ಬೇಕಾದ್ದನ್ನು ಕೈಯಲ್ಲೇ ನಕಲು ಮಾಡಿಕೊಳ್ಳುವುದು ಸಾಮಾನ್ಯವಾಗಿತ್ತು. ವಿದೇಶಿ ಸಂಚಿಕೆಗಳು ಹಡಗಿನ ಅಂಚೆಯಲ್ಲಿ ಬಂದು ಸೇರುವಷ್ಟರಲ್ಲಿ ತಿಂಗಳುಗಳೇ ಉರುಳುತ್ತಿದ್ದವು. ಅಮೆರಿಕದ ಫಿಲಡೆಲ್ಫಿಯಾದಿಂದ ಯುಜೀನ್ ಗಾರ್‌ಫೀಲ್ಡ್ 1950ರ ದಶಕದಲ್ಲಿ ಆರಂಭಿಸಿದ ‘ಕರೆಂಟ್ ಕಂಟೆಂಟ್ಸ್’ ಎಂಬ ಪುಟ್ಟ ಪತ್ರಿಕೆಯಲ್ಲಿ ಜರ್ನಲ್‌ಗಳ ಪರಿವಿಡಿ ಮಾತ್ರ ಇರುತ್ತಿತ್ತು, ಜೊತೆಗೆ ಲೇಖಕರ ವಿಳಾಸ. ಅದರಲ್ಲಿ ಶೀರ್ಷಿಕೆ ಹುಡುಕಿ, ಲೇಖಕರಿಗೇ ಕಾರ್ಡು ಬರೆದು ಬಿಡಿಪ್ರತಿ ಕೇಳುವುದು ಭಾರತದ ಪ್ರಯೋಗಾಲಯಗಳಲ್ಲಿ ದಿನನಿತ್ಯದ ಕೆಲಸವಾಗಿತ್ತು. ಬಹಳಷ್ಟು ಲೇಖಕರು ಕಳಿಸಿಯೂ ಕೊಡುತ್ತಿದ್ದರು. ಸಂಶೋಧನಾ ಲೇಖನಕ್ಕೆ ಅದನ್ನು ಬರೆದವರಿಗೆ ಸಂಭಾವನೆ ಇಲ್ಲ. ಹೆಚ್ಚು ಜನ ಓದಲಿ ಎಂಬುದೊಂದೇ ಅವರ ಆಸೆ. ಮುಂದೆ ನಡೆದದ್ದೆಲ್ಲ ಅರ್ಥವಾಗಬೇಕಾದರೆ ಈ ಒಂದು ಸಂಗತಿ ನೆನಪಿರಬೇಕು.

ಸರ್ಕಾರವೂ ಕೈಕಟ್ಟಿ ಕೂತಿರಲಿಲ್ಲ. ಯುನೆಸ್ಕೋ ನೆರವಿನೊಂದಿಗೆ 1952ರಲ್ಲಿ ದೆಹಲಿಯಲ್ಲಿ ಇನ್ಸ್‌ಡಾಕ್ ಎಂಬ ದಾಖಲೆ ಕೇಂದ್ರ ತಲೆಯೆತ್ತಿತು. ಬೇಡಿಕೆ ಕಳಿಸಿದರೆ ಎಲ್ಲಿಂದಲಾದರೂ ಲೇಖನ ಹುಡುಕಿ ಪ್ರತಿ ತೆಗೆದು ಕೊಡುವುದು ಅದರ ಕೆಲಸ. ಬೆಂಗಳೂರಿನಲ್ಲೂ ಅದರ ಪ್ರಾದೇಶಿಕ ಕೇಂದ್ರವಿತ್ತು. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಕಟ್ಟಿ ಬೆಳೆಸಿದ್ದ ಎಸ್.ಆರ್. ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದರು. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಅಡಿಯಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಅಲ್ಲಿ ಕಲಿತವರು ದೇಶದುದ್ದಗಲದ ಪ್ರಯೋಗಾಲಯ, ವಿಶ್ವವಿದ್ಯಾಲಯಗಳಿಗೆ ಗ್ರಂಥಪಾಲಕರಾಗಿ ಹೋದರು. ಪುಸ್ತಕ ಇರುವುದು ಬಳಸುವುದಕ್ಕೆ, ಓದುಗರ ಹೊತ್ತು ಹಾಳಾಗಬಾರದು ಎಂಬ ರಂಗನಾಥನ್ ಪಾಠವನ್ನು ಅವರು ಸುಮ್ಮನೆ ಬಾಯಿಪಾಠ ಮಾಡಿದವರಲ್ಲ. ಕಂಪ್ಯೂಟರ್ ಬಂದಾಗ ಹೆದರದೆ ಅದನ್ನು ಗ್ರಂಥಾಲಯದ ಒಳಕ್ಕೆ ಕರೆದುಕೊಂಡವರು ಈ ಪೀಳಿಗೆಯವರೇ. 1980ರ ದಶಕದಲ್ಲಿ ಯುಜಿಸಿ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಎನ್‌ಸಿಎಸ್‌ಐ ಎಂಬ ವಿಜ್ಞಾನ ಮಾಹಿತಿ ಕೇಂದ್ರವನ್ನು ಸ್ಥಾಪಿಸಿತು. ಬೇರೆ ಬೇರೆ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಅವರವರ ವಿಷಯದ ಹೊಸ ಲೇಖನಗಳ ಪಟ್ಟಿಯನ್ನು ಕಂಪ್ಯೂಟರಿನಿಂದ ಆರಿಸಿ, ಅಚ್ಚು ತೆಗೆದು ಅದು ಕಳಿಸುತ್ತಿತ್ತು.

ಪಟ್ಟಿಯೇನೋ ಬರುತ್ತಿತ್ತು. ಪಟ್ಟಿಯಲ್ಲಿದ್ದ ಜರ್ನಲ್‌ಗಳೇ ಒಂದೊಂದಾಗಿ ಕೈತಪ್ಪುತ್ತಿದ್ದವು. ದೊಡ್ಡ ವಾಣಿಜ್ಯ ಪ್ರಕಾಶಕರು ವರ್ಷವರ್ಷಕ್ಕೂ ಚಂದಾ ಏರಿಸುತ್ತಿದ್ದರು, ಆ ಚಂದಾವನ್ನು ಡಾಲರ್, ಪೌಂಡ್‌ಗಳಲ್ಲಿ ಕಟ್ಟಬೇಕಿತ್ತು. 1991ರ ಜುಲೈ ಮೊದಲ ವಾರದಲ್ಲಿ ಎರಡು ಕಂತಿನಲ್ಲಿ ರೂಪಾಯಿ ಅಪಮೌಲ್ಯವಾಗಿ ಅದರ ಬೆಲೆ ಸುಮಾರು ಶೇ 18ರಷ್ಟು ಇಳಿಯಿತು. ಹಣ ಅಷ್ಟೇ ಇದ್ದು ಬೆಲೆ ಮೇಲೇರಿದಾಗ ಗ್ರಂಥಪಾಲಕ ಮಾಡುವುದೇನು? ವಿಭಾಗದವರನ್ನು ಕೂರಿಸಿಕೊಂಡು ಯಾವ ಜರ್ನಲ್ ಬಿಡೋಣ ಎಂದು ಕೇಳುವುದು. ಒಮ್ಮೆ ಬಿಟ್ಟದ್ದನ್ನು ಮತ್ತೆ ತರಿಸುವುದು ಸುಲಭವಲ್ಲ. ಸಂಪುಟಗಳ ಸಾಲಿನಲ್ಲಿ ಅಲ್ಲಲ್ಲಿ ವರ್ಷಗಳೇ ಖಾಲಿ ಬಿದ್ದವು.

ಸರಿಯಾಗಿ ಆ ಅಪಮೌಲ್ಯದ ಮರುತಿಂಗಳು, 1991ರ ಆಗಸ್ಟ್‌ನಲ್ಲಿ, ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ ತನ್ನ ಮೇಜಿನ ಕೆಳಗಿದ್ದ ಕಂಪ್ಯೂಟರೊಂದರಲ್ಲಿ ಲೇಖನಗಳ ಉಗ್ರಾಣ ತೆರೆದ. ಭೌತವಿಜ್ಞಾನಿಗಳು ಜರ್ನಲ್‌ನಲ್ಲಿ ಅಚ್ಚಾಗುವ ಮೊದಲೇ ತಮ್ಮ ಲೇಖನದ ಪ್ರತಿಯನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳುವ ರೂಢಿ ಹಿಂದಿನಿಂದಲೂ ಇತ್ತು. ಇದಕ್ಕೆ ಪ್ರಿಪ್ರಿಂಟ್ ಎನ್ನುತ್ತಾರೆ. ಇಮೇಲ್ ಬಂದ ಮೇಲೆ ಅವು ಇಮೇಲ್‌ನಲ್ಲೇ ಓಡಾಡತೊಡಗಿದ್ದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸ್ಪೆಂಟಾ ವಾಡಿಯಾ ಆ ಬೇಸಿಗೆಯಲ್ಲಿ ಗಿನ್ಸ್‌ಪಾರ್ಗ್ ಮುಂದೆ ಒಂದು ಚಿಂತೆ ಹೇಳಿಕೊಂಡರು: ತಾವು ಪ್ರವಾಸದಲ್ಲಿರುವಾಗ ಬಂದು ಬೀಳುವ ಲೇಖನಗಳಿಂದ ಕಂಪ್ಯೂಟರಿನಲ್ಲಿ ತಮಗೆ ಕೊಟ್ಟಿರುವ ಜಾಗವೆಲ್ಲ ತುಂಬಿಹೋಗುತ್ತದಲ್ಲ ಎಂದು. ಎಲ್ಲರಿಗೂ ಕಳಿಸುವ ಬದಲು ಒಂದು ಕಡೆ ಇಟ್ಟು ಬೇಕಾದವರು ತೆಗೆದುಕೊಳ್ಳುವಂತೆ ಮಾಡಿದರಾಯಿತಲ್ಲ ಎಂದು ಗಿನ್ಸ್‌ಪಾರ್ಗ್‌ಗೆ ಹೊಳೆಯಿತು. ಇವತ್ತಿನ ಆರ್‌ಕೈವ್ ಬೆಳೆದದ್ದು ಹೀಗೆ. 2001ರಲ್ಲಿ ಅದು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಚೆನ್ನೈನ ಗಣಿತವಿಜ್ಞಾನ ಸಂಸ್ಥೆಯಲ್ಲಿ ಅದರ ಭಾರತೀಯ ನಕಲು ತಾಣವೂ ಇತ್ತು. ಭಾರತದ ಸಂಶೋಧಕನಿಗೆ ಇದರಿಂದ ಸಿಕ್ಕಿದ ನೆಮ್ಮದಿ ಅಳತೆಗೆ ಸಿಗುವಂಥದಲ್ಲ. ಪ್ರಿನ್ಸ್‌ಟನ್ನಿನವನು ಓದುವ ದಿನವೇ ಪುಣೆಯವನೂ ಅದೇ ಲೇಖನ ಓದಬಹುದು ಎಂಬುದು ಆವರೆಗೆ ಕನಸೂ ಆಗಿರಲಿಲ್ಲ.

ಹಳೆಯ ಸಂಪುಟಗಳ ದಾರಿ ಬೇರೆ. ಅಮೆರಿಕದ ಮೆಲನ್ ಪ್ರತಿಷ್ಠಾನದ ಅಧ್ಯಕ್ಷ ವಿಲಿಯಂ ಬೋವೆನ್, ಗ್ರಂಥಾಲಯಗಳಲ್ಲಿ ಜಾಗ ಸಾಲದೆ ಕಟ್ಟಡದ ಮೇಲೆ ಕಟ್ಟಡ ಕಟ್ಟುವುದನ್ನು ಕಂಡು ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಸುವ ಯೋಜನೆ ಹೂಡಿದ. 1995ರಲ್ಲಿ ಜೆಸ್ಟೋರ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಮೊದಲಿಗೆ ಅರ್ಥಶಾಸ್ತ್ರ ಮತ್ತು ಇತಿಹಾಸದ ಹತ್ತು ಜರ್ನಲ್‌ಗಳು. ಪ್ರಕಾಶಕರ ಆದಾಯಕ್ಕೆ ಪೆಟ್ಟು ಬೀಳದಿರಲೆಂದು ಇತ್ತೀಚಿನ ಮೂರರಿಂದ ಐದು ವರ್ಷಗಳ ಸಂಚಿಕೆಗಳನ್ನು ಹೊರಗಿಟ್ಟು, ವರ್ಷಕ್ಕೊಮ್ಮೆ ಆ ಗೆರೆಯನ್ನು ಮುಂದಕ್ಕೆ ಸರಿಸುವ ಕ್ರಮ ಅದರದು. ವ್ಯವಸ್ಥೆ ಅಚ್ಚುಕಟ್ಟು. ಆದರೆ ಚಂದಾ ಕಟ್ಟಿದ ಸಂಸ್ಥೆಯ ಒಳಗಿದ್ದವರಿಗೆ ಮಾತ್ರ ಬಾಗಿಲು.

ಈ ಹೊತ್ತಿಗೆ ಬೆಂಗಳೂರಿನವರು ಬೇರೆ ದಾರಿ ಹಿಡಿದಿದ್ದರು. ರಾಮನ್ ಕಟ್ಟಿದ ಅಕಾಡೆಮಿಯ ‘ಪ್ರೊಸೀಡಿಂಗ್ಸ್’ ಅಷ್ಟರಲ್ಲಿ ವಿಷಯವಾರು ಕವಲೊಡೆದು ‘ಪ್ರಮಾಣ’, ‘ಸಾಧನ’ ಎಂಬಂಥ ಹೆಸರಿನ ಹಲವು ಜರ್ನಲ್‌ಗಳಾಗಿತ್ತು. 1996ರಲ್ಲಿ ವಿದ್ಯಾರ್ಥಿಗಳಿಗೆಂದೇ ‘ರೆಸೊನೆನ್ಸ್’ ಸೇರಿತು. 1990ರ ದಶಕದ ಕೊನೆಯಿಂದ ಅಕಾಡೆಮಿ ಇವನ್ನು ಒಂದೊಂದಾಗಿ ಅಂತರಜಾಲದಲ್ಲಿ ಬಿಡಿಸಿಟ್ಟಿತು, ಯಾರು ಬೇಕಾದರೂ ಕಾಸಿಲ್ಲದೆ ಓದುವಂತೆ. 1934ರಿಂದ ಅಚ್ಚಾದ ಹಳೆಯ ಸಂಪುಟಗಳನ್ನೂ ಸ್ಕ್ಯಾನ್ ಮಾಡಿಸಿತು. ಮುಂದೆ ವಿದೇಶಿ ಪ್ರಕಾಶಕರೊಂದಿಗೆ ಒಪ್ಪಂದವಾದಾಗಲೂ ತನ್ನ ತಾಣದಲ್ಲಿ ಉಚಿತವಾಗಿ ಕೊಡುವುದನ್ನು ಬಿಡಲಿಲ್ಲ. ಇದು ಸಣ್ಣ ನಿರ್ಧಾರವಲ್ಲ. ಮುಕ್ತ ಲಭ್ಯತೆಯ ಪ್ರಸಿದ್ಧ ಬುಡಾಪೆಸ್ಟ್ ಘೋಷಣೆ ಬಂದದ್ದೇ 2002ರಲ್ಲಿ. ಅದಕ್ಕೂ ಮುಂಚೆಯೇ ಸದಾಶಿವನಗರದ ಈ ಸಂಸ್ಥೆ ಅದನ್ನು ಮಾಡಿ ತೋರಿಸುತ್ತಿತ್ತು.

ಅದೇ 2002ರಲ್ಲಿ ಎನ್‌ಸಿಎಸ್‌ಐಯಲ್ಲಿ ಟಿ.ಬಿ. ರಾಜಶೇಖರ್ ಮತ್ತು ಅವರ ಜೊತೆಗಾರರು ‘ಇಪ್ರಿಂಟ್ಸ್ ಐಐಎಸ್ಸಿ’ ಎಂಬ ಭಂಡಾರ ತೆರೆದರು. ದೇಶದ ಒಂದು ಸಂಸ್ಥೆ ತನ್ನವರು ಬರೆದ ಲೇಖನಗಳನ್ನೆಲ್ಲ ತಾನೇ ಸಂಗ್ರಹಿಸಿ ಲೋಕಕ್ಕೆ ತೆರೆದಿಟ್ಟದ್ದು ಇದೇ ಮೊದಲು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಉಚಿತವಾಗಿ ಹಂಚುತ್ತಿದ್ದ ಸಾಫ್ಟ್‌ವೇರ್ ಅದಕ್ಕೆ ಆಧಾರ. ಲೇಖನ ಯಾವ ದುಬಾರಿ ಜರ್ನಲ್‌ನಲ್ಲಾದರೂ ಅಚ್ಚಾಗಿರಲಿ, ಲೇಖಕ ತನ್ನ ಕೊನೆಯ ಹಸ್ತಪ್ರತಿಯನ್ನು ಸಂಸ್ಥೆಯ ಭಂಡಾರದಲ್ಲಿ ಇಟ್ಟುಕೊಳ್ಳಲು ಹಲವು ಪ್ರಕಾಶಕರು ಒಪ್ಪುತ್ತಿದ್ದರು. ಆ ಒಪ್ಪಿಗೆಯನ್ನು ಪೂರ್ತಿ ಬಳಸಿಕೊಳ್ಳುವುದು ಈ ಕೆಲಸದ ಗುಟ್ಟು. ಪ್ರಾಧ್ಯಾಪಕರು ತಾವಾಗಿ ಲೇಖನ ಹಾಕುತ್ತಾರೆ ಎಂದು ಕಾದರೆ ಭಂಡಾರ ತುಂಬುವುದಿಲ್ಲ. ಹಾಗಾಗಿ ಸಿಬ್ಬಂದಿಯೇ ಹುಡುಕಿ ತಂದು ಏರಿಸುವ ಕೆಲಸ ವಹಿಸಿಕೊಂಡರು. ರಾಜಶೇಖರ್ 2005ರಲ್ಲಿ ತೀರಿಕೊಂಡರು. ಅವರು ನೆಟ್ಟದ್ದು ಹತ್ತಾರು ಸಾವಿರ ಲೇಖನಗಳ ಭಂಡಾರವಾಗಿ ಬೆಳೆದಿದೆ. ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಡಿಆರ್‌ಟಿಸಿ ಎಲ್ಲವೂ ತಮ್ಮ ತಮ್ಮ ಭಂಡಾರ ತೆರೆದವು. ಸೂರ್ಯಕಲೆಗಳಲ್ಲಿ ಅನಿಲದ ಹರಿವನ್ನು ಎವರ್‌ಶೆಡ್ 1909ರಲ್ಲಿ ಪತ್ತೆ ಮಾಡಿದ ಕೊಡೈಕೆನಾಲ್ ವೀಕ್ಷಣಾಲಯದ ಹಳೆಯ ಬುಲೆಟಿನ್‌ಗಳು ಈಗ ಖಭೌತ ಸಂಸ್ಥೆಯ ಭಂಡಾರದಲ್ಲಿವೆ. 2006ರ ನವೆಂಬರ್‌ನಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಹಲವು ದೇಶಗಳವರು ಸೇರಿದರು. ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆ ಎಲ್ಲರಿಗೂ ತೆರೆದಿರಬೇಕು ಎಂಬ ನೀತಿಯ ಕರಡನ್ನು ಅಭಿವೃದ್ಧಿಶೀಲ ದೇಶಗಳ ಮುಂದಿಟ್ಟರು.

ಸರ್ಕಾರ ಹಿಡಿದದ್ದು ಮುಖ್ಯವಾಗಿ ಕೊಳ್ಳುವ ದಾರಿ. ಹತ್ತಾರು ಸಂಸ್ಥೆಗಳು ಕೂಡಿ ಚಂದಾ ಕಟ್ಟಿದರೆ ದರ ಇಳಿಯುತ್ತದೆ. ಹೀಗೆ ಹುಟ್ಟಿದವು ಕನ್ಸಾರ್ಟಿಯಂಗಳು. ಕರ್ನಾಟಕ ಇದರಲ್ಲಿ ಮುಂದಿತ್ತು. 2003ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ‘ಹೆಲಿನೆಟ್’ ತೆರೆದು ತನ್ನ ವೈದ್ಯಕೀಯ ಕಾಲೇಜುಗಳಿಗೆಲ್ಲ ಜರ್ನಲ್‌ಗಳನ್ನು ಒದಗಿಸತೊಡಗಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ಇಂಥದೇ ಒಕ್ಕೂಟ ಕಟ್ಟಿತು. ದೇಶದ ವಿಶ್ವವಿದ್ಯಾಲಯಗಳಿಗೆ ಯುಜಿಸಿಯ ಪರವಾಗಿ ಗುಜರಾತಿನ ಇನ್‌ಫ್ಲಿಬ್‌ನೆಟ್ ಅದೇ ಹೊತ್ತಿಗೆ ಈ ಕೆಲಸ ಕೈಗೆತ್ತಿಕೊಂಡಿತು. ದೂರದ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಮೊತ್ತಮೊದಲ ಬಾರಿಗೆ ಲಂಡನ್ನಿನ ಜರ್ನಲ್‌ನ ಈ ವಾರದ ಸಂಚಿಕೆಯನ್ನು ಈ ವಾರವೇ ತೆರೆದು ನೋಡಿದ. ಅದನ್ನು ಲಘುವಾಗಿ ಕಾಣಬಾರದು.

ಆದರೂ ಕೊಂಡ ಓದಿಗೆ ಮಿತಿಯಿದೆ. ಕಪಾಟಿನಲ್ಲಿದ್ದ ಸಂಪುಟ ಚಂದಾ ನಿಲ್ಲಿಸಿದ ಮೇಲೂ ಅಲ್ಲೇ ಇರುತ್ತಿತ್ತು. ತೆರೆಯ ಮೇಲಿನದು ಎಷ್ಟೋ ಸಲ ಬಾಡಿಗೆ ಮನೆಯಂತೆ, ಕಂತು ನಿಂತ ದಿನ ಬೀಗ ಬೀಳುತ್ತದೆ. ಕ್ಯಾಂಪಸ್ ಬಿಟ್ಟವನಿಗೆ ಪ್ರವೇಶವಿಲ್ಲ. ಪಿಎಚ್‌ಡಿ ಮುಗಿಸಿ ಊರಿಗೆ ಮರಳಿದವನು, ನಿವೃತ್ತ ಅಧ್ಯಾಪಕ, ತಾಲ್ಲೂಕು ಆಸ್ಪತ್ರೆಯ ವೈದ್ಯ ಇವರೆಲ್ಲ ಗೋಡೆಯಾಚೆಗೇ ಉಳಿದರು. 2011ರಲ್ಲಿ ಕಝಾಕಿಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ ‘ಸೈ-ಹಬ್’ ಆರಂಭಿಸಿ, ಕೃತಿಸ್ವಾಮ್ಯ ಮೀರಿ ಲಕ್ಷಾಂತರ ಲೇಖನಗಳನ್ನು ಹಂಚತೊಡಗಿದಾಗ ಭಾರತದವರು ಅತ್ತ ನುಗ್ಗಿದ್ದು ಸಹಜವಾಗಿತ್ತು. 2015ರ ಸೆಪ್ಟೆಂಬರ್‌ನಿಂದ ಆರು ತಿಂಗಳ ಲೆಕ್ಕವನ್ನು ‘ಸೈನ್ಸ್’ ಪತ್ರಿಕೆ ಪ್ರಕಟಿಸಿತು: ಭಾರತದಿಂದ 34 ಲಕ್ಷ ಡೌನ್‌ಲೋಡ್. ಚೀನಾ ಮಾತ್ರ ಇದಕ್ಕಿಂತ ಮುಂದೆ. ಪ್ರಕಾಶಕರು 2020ರ ಕೊನೆಗೆ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿದರು. 2025ರ ಆಗಸ್ಟ್‌ನಲ್ಲಿ ಆ ತಾಣಕ್ಕೆ ತಡೆ ಬಿತ್ತು. ಕಾನೂನಿನ ತೀರ್ಪು ಏನೇ ಇರಲಿ, ಈ ಅಂಕಿ ಓದಿನ ಹಸಿವಿಗೆ ಸಾಕ್ಷಿ.

ಆ ಹಸಿವಿಗೆ ಸರ್ಕಾರ ಕೊಟ್ಟ ಉತ್ತರ ‘ಒಂದು ರಾಷ್ಟ್ರ ಒಂದು ಚಂದಾ’. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಇದಕ್ಕೆ 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ಪಟ್ಟಣದ ಸರ್ಕಾರಿ ಪದವಿ ಕಾಲೇಜಿಗೂ ಐಐಟಿಗೂ ಒಂದೇ ಓದು ಎಂಬುದು ನಿಜಕ್ಕೂ ದೊಡ್ಡ ಮಾತು. ಖಾಸಗಿ ಕಾಲೇಜುಗಳು ಮೊದಲ ಹಂತದಲ್ಲಿ ಹೊರಗಿವೆ. ಕರ್ನಾಟಕದಂತಹ ರಾಜ್ಯದಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಓದುವ ಬಹುಪಾಲು ಮಕ್ಕಳು ಇರುವುದೇ ಅಲ್ಲಿ. ಮೂರು ವರ್ಷದ ಬಳಿಕ ಮತ್ತೆ ಹಣ ಕಟ್ಟಬೇಕು. ರಾಜಶೇಖರ್ ಹಿಡಿದ ದಾರಿಯಲ್ಲಿ ಒಮ್ಮೆ ಏರಿಸಿದ ಲೇಖನಕ್ಕೆ ಮತ್ತೆ ಚಂದಾ ಇಲ್ಲ. ಕೊಳ್ಳುವುದಕ್ಕೆ ಸಿಕ್ಕ ಹಣದಲ್ಲಿ ಒಂದಿಷ್ಟಾದರೂ ಈ ಭಂಡಾರಗಳಿಗೆ ಸಿಗಬೇಕಿತ್ತು.

ವಿಜ್ಞಾನದ ಜರ್ನಲ್‌ಗಳ ಮಾತು ಇಷ್ಟಾದರೆ ಕನ್ನಡ ನಾಡಿನ ಚರಿತ್ರೆ ಕುರಿತ ಜರ್ನಲ್‌ಗಳದು ಇನ್ನೊಂದೇ ಅಧ್ಯಾಯ. ಜೆ.ಎಫ್. ಫ್ಲೀಟ್ 1870ರ ದಶಕದಿಂದ ಹಳಗನ್ನಡ ಶಾಸನಗಳನ್ನು ಓದಿ ಪ್ರಕಟಿಸಿದ ‘ಇಂಡಿಯನ್ ಆಂಟಿಕ್ವರಿ’, ಬೆಂಗಳೂರಿನ ಮಿಥಿಕ್ ಸೊಸೈಟಿಯ ತ್ರೈಮಾಸಿಕ, 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಶುರು ಮಾಡಿದ ‘ಪ್ರಬುದ್ಧ ಕರ್ಣಾಟಕ’, ಸಾಹಿತ್ಯ ಪರಿಷತ್ತಿನ ಪತ್ರಿಕೆ, ಧಾರವಾಡದ ‘ಕರ್ನಾಟಕ ಭಾರತಿ’, ಬೆಂಗಳೂರು ವಿಶ್ವವಿದ್ಯಾಲಯದ ‘ಸಾಧನೆ’ ಇವಿಲ್ಲದೆ ಕನ್ನಡದ ಸಂಶೋಧನೆ ಒಂದು ಹೆಜ್ಜೆಯೂ ಇಡದು. ಅಮೆರಿಕದ ರಾಜ್ ರೆಡ್ಡಿ, ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಮುಂದಾಳತ್ವದಲ್ಲಿ 2003ರಲ್ಲಿ ಉದ್ಘಾಟನೆಯಾದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಲಕ್ಷಾಂತರ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತು, ಅದರಲ್ಲಿ ಕನ್ನಡದವೂ ಸಾಕಷ್ಟು. ಮುಂದೆ ಆ ತಾಣ ನಿಂತುಹೋದಾಗ ಬಹುಪಾಲು ಉಳಿದದ್ದು ಅಷ್ಟರಲ್ಲಿ ಇಂಟರ್ನೆಟ್ ಆರ್ಕೈವ್‌ಗೆ ನಕಲಾಗಿದ್ದರಿಂದ. ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ತಪ್ಪುತಪ್ಪಾಗಿ ಬರೆದಿದ್ದರಿಂದ ಇದ್ದ ಪುಸ್ತಕವೂ ಸಿಗುತ್ತಿರಲಿಲ್ಲ. ಬೆಂಗಳೂರಿನ ‘ಸಂಚಯ’ದ ಗೆಳೆಯರು ಆ ಹೆಸರುಗಳನ್ನು ಕನ್ನಡ ಲಿಪಿಗೆ ತಂದು, ಹುಡುಕಲು ಬರುವಂತೆ ‘ಪುಸ್ತಕ ಸಂಚಯ’ ಕಟ್ಟಿದರು. ಸ್ಕ್ಯಾನಿಂಗ್ ಯಂತ್ರಗಳ ಮುಂದೆ ಕೂತು ಪುಟ ತಿರುವುವ ಸ್ವಯಂಸೇವಕರ ಪಡೆಯೂ ಈ ಊರಿನಲ್ಲಿ ಬೆಳೆದಿದೆ.

ಇನ್ನೂ ಬಾಕಿಯಿರುವುದು ಲೇಖನವಾರು ಸೂಚಿ. ಪುಸ್ತಕದ ಹೆಸರು ಕೊಟ್ಟರೆ ಪುಸ್ತಕ ಸಿಗುತ್ತದೆ. ಹಳೆಯ ಸಂಚಿಕೆಯೊಂದರ ಒಳಗೆ ಶಾಸನದ ಒಂದು ಪದದ ಬಗ್ಗೆ ಯಾರೋ ಬರೆದ ನಾಲ್ಕು ಪುಟದ ಟಿಪ್ಪಣಿ ಸಿಗಬೇಕಾದರೆ ಪ್ರತಿ ಲೇಖನಕ್ಕೂ ಬೇರೆ ಬೇರೆ ದಾಖಲೆ ಬರೆಯಬೇಕು: ಲೇಖಕ, ಶೀರ್ಷಿಕೆ, ಸಂಪುಟ, ಸಂಚಿಕೆ, ಪುಟ. ಹಳೆಯ ಮೊಳೆಯಚ್ಚಿನ ಒತ್ತಕ್ಷರಗಳನ್ನು, ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶ ಇವತ್ತಿಗೂ ಎಡವಿ ಓದುತ್ತದೆ, ಹಾಗಾಗಿ ತಿದ್ದುವ ಕಣ್ಣು ಬೇಕು. ಸಂಪುಟಗಳಿರುವುದು ಮೈಸೂರು, ಧಾರವಾಡ, ಬೆಂಗಳೂರುಗಳ ವಿಶ್ವವಿದ್ಯಾಲಯಗಳಲ್ಲಿ. ಕನ್ನಡ ಎಂ.ಎ., ಗ್ರಂಥಾಲಯ ವಿಜ್ಞಾನ ಎರಡೂ ವಿಭಾಗಗಳು ಅಲ್ಲೇ ಇವೆ. ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಕೆಲಸವಾಗಿ ವರ್ಷಕ್ಕೆ ಒಂದಷ್ಟು ಸಂಪುಟ ಹಂಚಿಕೊಟ್ಟರೂ ಈ ಕೆಲಸ ನಾಳೆಯೇ ಶುರುವಾಗಬಹುದು.